ನೋ ಹೆನ್, ನೋ ಎಗ್

"ವಾಟ್ಲ್ ಯೆ ಹ್ಯಾವ್, ಹೆನ್?"

"ನೋ ಹೆನ್. ನೋ ಎಗ್ ಆಲ್ಸೋ."

ಸ್ಕಾಟ್ಲೆಂಡಿನಿಂದ ವಾಪಸ್ ಬಂದು ಮೂರು ದಿನ ಆಯ್ತು. ರಾಶಿ ಬಟ್ಟೆ ಒಗೆದು ಮುಗಿಸಿದೆ, ಶೂಗಳ ಕೆಸರು ಇನ್ನೂ ಹೋಗಿಲ್ಲ, ತಲೆಯೊಳಗೆ ಈ ಎರಡು ಮಾತು ಮಾತ್ರ ತಿರುಗುತ್ತಲೇ ಇವೆ. ಮೊದಲನೆಯದನ್ನು ಕೇಳಿದವಳು ಕ್ರಿಯನ್‌ಲಾರಿಕ್ ಹತ್ತಿರದ ಒಂದು ಹಳೇ ರಸ್ತೆಬದಿ ಇನ್‌ನ ಕೌಂಟರಿನ ಹಿಂದೆ ನಿಂತಿದ್ದ ಹೆಂಗಸು. ಉತ್ತರ ಕೊಟ್ಟವರು ನಮ್ಮತ್ತೆ. ಎಪ್ಪತ್ತೆರಡು ವರ್ಷ, ಸಾಗರದ ಕಡೆಯವರು, ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತರಾದವರು. ಮೂರನೆಯ ಮಾತೊಂದಿದೆ, ನನ್ನದು. ಅದಕ್ಕೆ ಆಮೇಲೆ ಬರ್ತೀನಿ.

ಹೊರಡೋದಕ್ಕೆ ಎರಡು ತಿಂಗಳ ಮುಂಚೆಯೇ ನಮ್ಮನೆಯವರು ಎಕ್ಸೆಲ್ ಶೀಟ್ ತೆರೆದಿದ್ದರು. ಊರು, ಹೋಟೆಲು, ವೆಜ್ ಇದೆಯಾ, ಆಂಬಿಯನ್ಸ್ ಹೇಗೆ ಅಂತ ಕಾಲಂಗಳು. ಆಂಬಿಯನ್ಸಿಗೆ ಕಾಲಿಡದೆಯೇ ಹತ್ತಕ್ಕೆ ಇಷ್ಟು ಅಂತ ಅಂಕ. ಅವರು ಹಾಗೇ. ಮದುವೆಗೆ ಮುಂಚೆ ನನ್ನದೂ ಒಂದು ಶೀಟ್ ಇದ್ದಿರಬೇಕು ಅನ್ನೋ ಗುಮಾನಿ ನನಗೆ ಇವತ್ತಿಗೂ ಇದೆ.

ಒಂಬತ್ತೂವರೆ ಅಂಕದ ಜಾಗ ಎಡಿನ್‌ಬರೊದಲ್ಲಿತ್ತು. ಹೆಸರು ಬೇಡ. ಮೇಣದಬತ್ತಿಗಳು, ಗೋಡೆಗೆಲ್ಲ ಕಪ್ಪು ಮರದ ಹಲಗೆ, ಕತ್ತಲೆ ಎಷ್ಟು ಅಂದ್ರೆ ಅತ್ತೆ ಮೆನು ಓದೋಕೆ ಮೊಬೈಲ್ ಟಾರ್ಚ್ ಹಾಕಿದರು. ಪಕ್ಕದ ಟೇಬಲ್ಲಿನವರು ತಿರುಗಿ ನೋಡಿದರು. ನಮ್ಮನೆಯವರು ಅವರಿಗೆ ಸಾರಿ ಅಂದರು. ಸಸ್ಯಾಹಾರಿಗಳಿಗೆ ಅಂತ ಬಂದದ್ದು ಹೂಕೋಸಿನ ಒಂದೇ ಒಂದು ಹೋಳು, ಅದರ ಮೇಲೆ ಎರಡು ಎಲೆ. ಬಡಿಸಿದ ಹುಡುಗ ಮಾತಿಗೊಮ್ಮೆ ಅತ್ತೆಗೆ "ಮೇಡಂ" ಅಂದ. ಹನ್ನೊಂದು ಸಲ ಅಂದ ಅಂತ ಮಗಳು ಲೆಕ್ಕ ಇಟ್ಟಿದ್ದಾಳೆ. ಹನ್ನೆರಡನೆಯ ಸಲ ಬಂದು, ಎಂಟೂಕಾಲಿಗೆ ಈ ಟೇಬಲ್ ಬೇರೆಯವರಿಗೆ ಇದೆ ಅಂತ ನೆನಪಿಸಿದ. ಹೊರಗೆ ಬಂದ ಮೇಲೆ ಅತ್ತೆ ಹೇಳಿದ್ದು ಇಷ್ಟೇ: "ಶ್ರಾದ್ಧದ ಊಟದಲ್ಲೂ ಇದಕ್ಕಿಂತ ಸ್ವಲ್ಪ ಹೆಚ್ಚು ಗಲಾಟೆ ಇರ್ತದೆ."

ಗ್ಲಾಸ್ಗೋ ಪರವಾಗಿಲ್ಲ. ಸೌಕಿಹಾಲ್ ಸ್ಟ್ರೀಟಿನ ವಿಲೋ ಟೀ ರೂಮಿಗೆ ಹೋಗಿದ್ದೆವು. 1903ರಲ್ಲಿ ಕೇಟ್ ಕ್ರಾನ್‌ಸ್ಟನ್ ಅನ್ನೋ ಗಟ್ಟಿಗಿತ್ತಿ ಶುರು ಮಾಡಿದ್ದು. ಕಟ್ಟಡದ ಮುಖದಿಂದ ಹಿಡಿದು ಕುರ್ಚಿ, ಚಮಚದವರೆಗೆ ಎಲ್ಲದರ ವಿನ್ಯಾಸ ಚಾರ್ಲ್ಸ್ ರೆನಿ ಮ್ಯಾಕಿಂಟಾಷ್‌ದು. ಆ ಊರಲ್ಲಿ ಕುಡಿತದ ವಿರುದ್ಧ ಚಳವಳಿ ಜೋರಾಗಿದ್ದ ಕಾಲ. ಹೆಂಡವಿಲ್ಲದೆ ನಾಲ್ಕು ಜನ ಕೂತು ಮಾತಾಡೋ ಜಾಗ ಬೇಕಿತ್ತು, ಅದಕ್ಕೇ ಟೀ ರೂಮುಗಳು. ಇಷ್ಟು ಕೇಳಿದ ಮೇಲೆ ಅತ್ತೆಗೆ ಕೇಟಮ್ಮನ ಮೇಲೆ ಭಾರಿ ಅಭಿಮಾನ ಬಂತು. ಕುರ್ಚಿಯ ಬೆನ್ನು ಮಾತ್ರ ಅವರ ತಲೆ ದಾಟಿ ಏಣಿಯ ಹಾಗೆ ಮೇಲೆ ಹೋಗಿತ್ತು. "ನೋಡೋಕೆ ಚೆಂದ, ಒರಗೋಕೆ ಅಲ್ಲ" ಅಂದರು.

ಅಲ್ಲಿಂದ ಉತ್ತರಕ್ಕೆ, ಲಾಕ್ ಲೋಮಂಡ್ ದಂಡೆಯ ರಸ್ತೆ. ಸರೋವರ ಮುಗಿಯೋ ಕಡೆ ಇನ್ವೆರಾರ್ನನ್‌ನಲ್ಲಿ ಡ್ರೋವರ್ಸ್ ಇನ್ ಅಂತ ಇದೆ, 1705ರದ್ದು. ಹೈಲ್ಯಾಂಡಿನಿಂದ ದಕ್ಷಿಣದ ಸಂತೆಗಳಿಗೆ ದನ ಹೊಡ್ಕೊಂಡು ಹೋಗ್ತಿದ್ದವರು ತಂಗ್ತಿದ್ದ ಮನೆ. ಶೀಟಿನಲ್ಲಿ ಇದಕ್ಕೆ ಒಂಬತ್ತು ಅಂಕ. ಒಳಗೆ ಹೋಗ್ತಿದ್ದ ಹಾಗೇ ಹುಲ್ಲು ತುಂಬಿದ ಒಂದು ಕರಡಿ ಎರಡು ಕಾಲ ಮೇಲೆ ನಿಂತಿದೆ. ನನಗೂ ಮಗಳಿಗೂ ಜಾಗ ಬಹಳ ಹಿಡಿಸಿತು. ಅತ್ತೆ ಹೊಸ್ತಿಲಲ್ಲೇ ನಿಂತರು. "ದನದವರ ಮನೆ ಅಂದೆ, ಸರಿ. ಕರಡಿ ಎದುರು ಕೂತು ಎಂತ ಉಣ್ಣೋದು ಮಾರಾಯ್ತಿ?" ಕಾರು ಮುಂದೆ ಹೋಯ್ತು.

ಹೀಗೆ ಶೀಟಿನಲ್ಲೇ ಇಲ್ಲದ ಆ ಇನ್‌ಗೆ ಬಂದದ್ದು. ಮೇ ಕೊನೆಯ ವಾರ, ಮಳೆ, ಒಳಗೆ ಬೆಂಕಿ ಹಾಕಿದ್ದರು. ಅಲ್ಲಿಯ ಕ್ರಮ ಏನಂದ್ರೆ ಟೇಬಲ್ ಹತ್ತಿರ ಯಾರೂ ಬರೋಲ್ಲ, ಕೌಂಟರಿಗೆ ನೀವೇ ಹೋಗಿ ಹೇಳಬೇಕು. ನಮ್ಮನೆಯವರು ಕಾರು ನಿಲ್ಲಿಸಿ ಬರೋಷ್ಟರಲ್ಲಿ ಅತ್ತೆ ಶಾಲು ಸರಿ ಮಾಡಿಕೊಂಡು ತಾವೇ ಹೋಗಿ ನಿಂತಿದ್ದರು. ಆಗಲೇ ಆ ಪ್ರಶ್ನೆ, ಆ ಉತ್ತರ.

ಮತ್ತೆ ಮತ್ತೆ ನೋಡ್ತಿರೋದು ಅದರ ನಂತರದ ಒಂದು ಕ್ಷಣವನ್ನ. ಆ ಹೆಂಗಸು ಅತ್ತೆಯ ಮುಖ ನೋಡಿದಳು. ಅತ್ತೆ, ಕ್ಲಾಸಿನಲ್ಲಿ ಉತ್ತರಕ್ಕೆ ಕಾಯೋ ಹಾಗೆ, ಅವಳನ್ನೇ ನೋಡಿದರು. ಆ ಸಂದಿಯಲ್ಲಿ ನಾನು ನುಗ್ಗಿ ಅಂದೆ: "ಸಾರಿ, ಸಾರಿ, ಸೋ ಸಾರಿ."

ಅದೇ ಮೂರನೆಯ ಮಾತು.

ಅವಳು ನನ್ನ ಕಡೆ ತಿರುಗಲೂ ಇಲ್ಲ. ಕೌಂಟರಿಗೊಂದು ಏಟು ಹಾಕಿ, ಕಣ್ಣಲ್ಲಿ ನೀರು ಬರೋ ಹಾಗೆ ನಕ್ಕು, "ದೆನ್ ನೋ ಹೆನ್ ಫಾರ್ ದಿಸ್ ಹೆನ್!" ಅಂದಳು. ಆಮೇಲೆ ಅತ್ತೆಗೆ ಮೆನುವಿನಲ್ಲಿ ಬೆರಳಿಟ್ಟು ಒಂದೊಂದೇ ತೋರಿಸಿದಳು, ಇದರಲ್ಲಿ ಮೊಟ್ಟೆ ಇದೆ, ಇದರಲ್ಲಿಲ್ಲ ಅಂತ. ಮುಖ ಎಲ್ಲಿಡಬೇಕು ಗೊತ್ತಾಗದೆ ನಾನು ಹೋಗಿ ಬೆಂಕಿ ಹತ್ತಿರದ ನಾಲ್ಕು ಕುರ್ಚಿ ಹಿಡಿದು ಕೂತೆ.

ಮಗಳು ಅಜ್ಜಿಗೆ ಬಿಡಿಸಿ ಹೇಳಿದಳು. ಹೆನ್ ಅಂದ್ರೆ ಇಲ್ಲಿ ಕೋಳಿ ಅಲ್ಲ, ಹೆಂಗಸರನ್ನ ಪ್ರೀತಿಯಿಂದ ಕರೆಯೋದು, ಗ್ಲಾಸ್ಗೋ ಕಡೆ ಜಾಸ್ತಿ. ಅತ್ತೆ ಎರಡು ನಿಮಿಷ ಯೋಚನೆ ಮಾಡಿದರು. "ಹಾಗಾದ್ರೆ ಹೆಣ್ಣೇ ಅಂದಿದ್ದಾಳೆ. ಣಕಾರ ಬರೋಲ್ಲ, ಪಾಪ. ನನ್ನ ಹತ್ತನೇ ಕ್ಲಾಸಿನ ಹುಡುಗರಿಗೂ ಬರ್ತಿರಲಿಲ್ಲ."

ಬಂದ ತಟ್ಟೆಯಲ್ಲಿದ್ದದ್ದು ವೆಜಿಟೇರಿಯನ್ ಹ್ಯಾಗಿಸ್. ಅಸಲಿ ಹ್ಯಾಗಿಸ್ ಕುರಿಯ ಒಳಗಿನ ಸಾಮಾನು, ಆ ವರ್ಣನೆ ಇಲ್ಲಿ ಬೇಡ. ಇದು ಓಟ್ಸ್, ಬೇಳೆ, ಬೀನ್ಸ್, ಕ್ಯಾರೆಟ್, ಮೇಲೆ ಧಾರಾಳ ಮೆಣಸು. ಎಡಿನ್‌ಬರೊದ ಮ್ಯಾಕ್ಸ್‌ವೀನ್ ಅನ್ನೋ ಮಾಂಸದಂಗಡಿಯವರು 1984ರಲ್ಲಿ ಸ್ಕಾಟಿಷ್ ಪೊಯೆಟ್ರಿ ಲೈಬ್ರರಿಯ ಉದ್ಘಾಟನೆಗೆ ಅಂತ ಮೊದಲು ಮಾಡಿದ್ದಂತೆ. ಕಾವ್ಯಕ್ಕಾಗಿ ಕಟುಕರು ಬೇಳೆ ಬೇಯಿಸಿದ ಈ ಕಥೆಯನ್ನ ಅತ್ತೆ ಎರಡು ಸಲ ಹೇಳಿಸಿಕೊಂಡರು. ಪಕ್ಕದಲ್ಲಿ ನೀಪ್ಸ್, ಟ್ಯಾಟೀಸ್, ಅಂದ್ರೆ ಟರ್ನಿಪ್ಪಿನ ಜಾತಿಯ ಗೆಡ್ಡೆ ಮತ್ತು ಆಲೂಗಡ್ಡೆ, ಎರಡೂ ಬೇಯಿಸಿ ಹಿಸುಕಿದ್ದು. "ಉಪ್ಪಿಟ್ಟಿನೊಳಗೆ ತೊವ್ವೆ ಬಿದ್ದ ಹಾಗಿದೆ. ಒಂದು ಹೋಳು ನಿಂಬೆಹಣ್ಣು ಇದ್ದಿದ್ರೆ..." ಅನ್ನುತ್ತಾ ತಟ್ಟೆ ಖಾಲಿ ಮಾಡಿದರು.

ಆಮೇಲೆ ಯಾರೂ ಏಳಿಸಲಿಲ್ಲ. ಎರಡು ಗಂಟೆಗೂ ಹೆಚ್ಚು ಕೂತಿದ್ದೆವು. ಹೊರಗೆ ಮಳೆ ನಮ್ಮೂರಿನ ಹಾಗೇ ಅಡ್ಡಡ್ಡ ಹೊಡೀತಿತ್ತು. ಅತ್ತೆ ಬಚ್ಚಲ ಒಲೆ ಮುಂದೆ ಕೂತ ಹಾಗೆ ಸಾಕ್ಸ್ ಬಿಚ್ಚಿ ಪಾದ ಚಾಚಿದರು. ನನ್ನ ಬಾಯಲ್ಲಿ ಸಾರಿ ಮತ್ತೆ ರೆಡಿ ಇತ್ತು, ನುಂಗಿಕೊಂಡೆ. ಪಕ್ಕದಲ್ಲಿ ಒದ್ದೆ ನಾಯಿಯನ್ನ ಕಾಲ ಹತ್ತಿರ ಮಲಗಿಸಿಕೊಂಡಿದ್ದ ಮುದುಕನ ಪಾದಗಳೂ ಬೆಂಕಿ ಕಡೆಗೇ ಇದ್ದವು. "ಇಷ್ಟು ಕೆಂಡ ಇಟ್ಕೊಂಡು ಹಲಸಿನ ಬೀಜ ಸುಡದೆ ಸುಮ್ಮನೆ ಕೂತಿದ್ದಾರಲ್ಲ" ಅಂತ ಅತ್ತೆಗೆ ಅವರ ಮೇಲೆ ಕನಿಕರ.

ಮಾತಿನ ಮೇಷ್ಟ್ರಲ್ಲವಾ, ಇನ್ನೊಂದನ್ನೂ ಹಿಡಿದರು. ಆ ಹೆಂಗಸಿಗೆ ಎಲ್ಲವೂ 'ವೀ'. ವೀ ಸೂಪ್, ವೀ ಟೀ, ಕಾರ್ಡ್ ಮೆಷಿನ್ ಮುಂದೆ ಹಿಡಿದು ವೀ ಸಿಗ್ನೇಚರ್. ವೀ ಅಂದ್ರೆ ಪುಟ್ಟದು ಅಂತ ನಾನು ಹೇಳಿದೆ. "ಪುಟ್ಟದು ಅಲ್ಲ. 'ಸ್ವಲ್ಪ'. ನಾವು 'ಸ್ವಲ್ಪ ಬನ್ನಿ' ಅನ್ನೋಲ್ವಾ? ಬಂದ್ರೆ ಪೂರ್ತಿ ಬರ್ತಾರೆ, ಸ್ವಲ್ಪ ಹೇಗೆ ಬರೋದು? ಇದು ಅದೇ." ಹದಿನೈದು ವರ್ಷದಿಂದ ಬ್ರಿಟನ್ನಿನಲ್ಲೇ ಇರೋ ನನಗೆ ಇದು ಹೊಳೆದಿರಲಿಲ್ಲ.

ಹೊಳೆಯೋದು ಹೇಗೆ? ಹದಿನೈದು ವರ್ಷದಲ್ಲಿ ನಾನು ಗಟ್ಟಿ ಮಾಡಿಕೊಂಡದ್ದು ಸಾರಿ ಒಂದನ್ನೇ. ರೈಲಿನಲ್ಲಿ ನನ್ನ ಕಾಲು ತುಳಿದವರಿಗೂ ನಾನೇ ಹೇಳ್ತೀನಿ. ಆದರೆ ಅವೆಲ್ಲ ನನ್ನ ಪರವಾಗಿ. ಇಲ್ಲಿ ಯಾರ ಪರವಾಗಿ ಹೇಳಿದೆ? ಅತ್ತೆಗೆ ಏನು ಬೇಕು ಅಂತ ಒಬ್ಬಳು ಕೇಳಿದಳು, ಏನು ಬೇಡ ಅಂತ ಅತ್ತೆ ಹೇಳಿದರು. ಸಾಗರದ ಮನೆಯಲ್ಲಿ ಬಂದವರು ಕಾಲು ತೊಳೆಯೋ ಮೊದಲೇ "ಆಸರಿಗೆ ಎಂತ ಬೇಕು?" ಅಂತ ಕೇಳೋದೂ, "ಕಾಫಿ ಬೇಡ, ಮಜ್ಜಿಗೆ ಸಾಕು" ಅಂತ ಅವರು ನಾಚಿಕೆಯಿಲ್ಲದೆ ಹೇಳೋದೂ ಹೀಗೇ. ಇಬ್ಬರ ನಡುವೆ ಸರಿಯಾಗಿ ನಡೀತಿದ್ದ ಮಾತಿಗೆ ಅಡ್ಡ ಬಂದವಳು ನಾನೊಬ್ಬಳೇ. ನಮ್ಮನೆಯವರು ಎಡಿನ್‌ಬರೊದಲ್ಲಿ ಟಾರ್ಚಿಗೆ ಸಾರಿ ಕೇಳಿದಾಗ ಮನಸ್ಸಿನಲ್ಲೇ ಬೈದುಕೊಂಡಿದ್ದೆ, ಅದೂ ಈಗ ನೆನಪಾಗಿ ಚುಚ್ಚುತ್ತೆ.

ಮರುದಿನ ಗ್ಲೆನ್‌ಕೋ. ಅಲ್ಲಿನ ಕ್ಲಾಚೇಗ್ ಇನ್‌ನ ರಿಸೆಪ್ಷನ್ನಿನಲ್ಲಿ ಒಂದು ಫಲಕ ಇದೆ: ಮನೆಮನೆ ಮಾರುವವರಿಗೂ ಕ್ಯಾಂಬೆಲ್‌ಗಳಿಗೂ ಪ್ರವೇಶವಿಲ್ಲ. ತಮಾಷೆಗೇ ಹಾಕಿದ್ದು, ಪೂರ್ತಿ ತಮಾಷೆಯೂ ಅಲ್ಲ. 1692ರಲ್ಲಿ ರಾಬರ್ಟ್ ಕ್ಯಾಂಬೆಲ್ ಅನ್ನೋ ಕ್ಯಾಪ್ಟನ್ನಿನ ಸೈನಿಕರು ಆ ಕಣಿವೆಯ ಮ್ಯಾಕ್‌ಡೊನಾಲ್ಡರ ಮನೆಗಳಲ್ಲಿ ಹನ್ನೆರಡು ದಿನ ಉಂಡು ಮಲಗಿ, ಫೆಬ್ರವರಿ 13ರ ಬೆಳಗಿನ ಜಾವ ಎದ್ದು ಉಣಬಡಿಸಿದವರನ್ನೇ ಕೊಂದರು. 38 ಜನ. ಹಿಮದಲ್ಲಿ ಓಡಿಹೋಗಿ ಸತ್ತವರು ಬೇರೆ. ಉಂಡ ಮನೆಯ ಜಂತಿ ಎಣಿಸಬಾರದು ಅಂತಾರೆ ನಮ್ಮಲ್ಲಿ, ಇವರು ತಲೆಗಳನ್ನೇ ಎಣಿಸಿದರು. ಅತ್ತೆ ಆ ಫಲಕದ ಮುಂದೆ ತುಂಬಾ ಹೊತ್ತು ನಿಂತಿದ್ದರು. "ಮುನ್ನೂರು ವರ್ಷ ದಾಟಿದ್ರೂ ಅನ್ನದ ಲೆಕ್ಕ ಬಿಟ್ಟಿಲ್ಲ ಇವರು" ಅಂದರು, ಮೆಚ್ಚುಗೆಯಿಂದಲೇ.

ನಿನ್ನೆ ರಾತ್ರಿ ಅತ್ತೆ ಸಾಗರಕ್ಕೆ, ತಮ್ಮ ತಂಗಿಗೆ, ಫೋನ್ ಮಾಡಿದ್ದರು. ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಾ ಕೇಳಿಸಿಕೊಂಡೆ. ಕರಡಿ ಬಂತು, ಕಾವ್ಯದ ಉಪ್ಪಿಟ್ಟು ಬಂತು. ಹೆನ್ ಕಥೆಯಲ್ಲಿ ಅತ್ತೆಗೆ ಅರ್ಥ ಮೊದಲೇ ಗೊತ್ತಿತ್ತು, ಬೇಕಂತಲೇ ತಮಾಷೆ ಮಾಡಿದ್ದು. ಆ ಕಡೆಯಿಂದ ಚಿಕ್ಕಮ್ಮ ಕೇಳಿರಬೇಕು, ಅಷ್ಟು ಹೊತ್ತು ನಿನ್ನ ಸೊಸೆ ಎಲ್ಲಿದ್ಲು ಅಂತ.

"ಅವಳಾ? ಅವಳು ಚುರುಕು ಮಾರಾಯ್ತಿ. ಓಡಿಹೋಗಿ ಬೆಂಕಿ ಹತ್ರ ಜಾಗ ಹಿಡಿದ್ಲು."