ಏಪ್ರಿಲ್ 22ರ ರಾತ್ರಿ, 86,400 ರೂಪಾಯಿ

2024ರ ಏಪ್ರಿಲ್ 22, ಸೋಮವಾರ, ರಾತ್ರಿ ಹತ್ತೂಕಾಲು. ಮುಂಬೈ ಹತ್ತಿರದ ಡೊಂಬಿವಲಿಯ ಮನೆಯಲ್ಲಿ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಜಿಎಸ್‌ಟಿ ಪೋರ್ಟಲ್ ಮುಂದೆ ಕೂತಿದ್ದೆ. ಕಟ್ಟಬೇಕಾದದ್ದು 86,400 ರೂಪಾಯಿ. ಕರೆಂಟ್ ಅಕೌಂಟಿನಲ್ಲಿ ಇದ್ದದ್ದು 31 ಸಾವಿರ ಚಿಲ್ಲರೆ. ಯಾವ ಬಿಲ್ಲಿಗೆ ಈ ತೆರಿಗೆಯೋ, ಆ ಬಿಲ್ಲಿನ ಒಂದು ರೂಪಾಯಿಯೂ ನನಗೆ ಬಂದಿರಲಿಲ್ಲ.

ನಾನು ಮಾಡುವುದು ಹೋಟೆಲ್ ಬಿಲ್ಲಿಂಗ್ ಸಾಫ್ಟ್‌ವೇರ್. ಐರೋಲಿಯ ಕಂಪನಿ ಕೆಲಸ ಬಿಟ್ಟದ್ದು 2019ರಲ್ಲಿ. ಮುಂದಿನ ಮಾರ್ಚಿಗೆ ಲಾಕ್‌ಡೌನ್ ಬಂತು. ಮಹಾರಾಷ್ಟ್ರದಲ್ಲಿ ಹೋಟೆಲಿನಲ್ಲಿ ಕೂತು ಉಣ್ಣಲಿಕ್ಕೆ ಮತ್ತೆ ಬಿಟ್ಟದ್ದು 2020ರ ಅಕ್ಟೋಬರ್ 5ಕ್ಕೆ, ಅದೂ ಅರ್ಧ ಕುರ್ಚಿಗೆ. ಆ ಹೊತ್ತಿಗೆ ನನ್ನ 22 ಗಿರಾಕಿಗಳಲ್ಲಿ 9 ಹೋಟೆಲ್ ಬಾಗಿಲು ಹಾಕಿದ್ದವು. ಅದನ್ನೂ ದಾಟಿ ಬಂದೆ. 2023ರ ಕೊನೆಗೆ 46 ಹೋಟೆಲ್ ಆಗಿದ್ದವು, ಒಂದೊಂದರಿಂದ ವರ್ಷಕ್ಕೆ 9,000. ಮನೆ ಹೇಗೋ ನಡೆಯುತ್ತಿತ್ತು. ಹೆಂಡತಿಗೆ ಶಾಲೆಯಲ್ಲಿ ಕೆಲಸ ಇದೆ.

ಆಗ ಬಂತು ದೊಡ್ಡ ಆರ್ಡರ್. ಠಾಣೆ, ನವಿ ಮುಂಬೈ ಕಡೆ 12 ಔಟ್‌ಲೆಟ್ ಇರುವ ಒಂದು ಗ್ರೂಪ್. ಓನರ್ ನಮ್ಮ ಕುಂದಾಪುರ ಕಡೆಯವರೇ. ಸೆಂಟ್ರಲ್ ಕಿಚನ್‌ನಿಂದ ಔಟ್‌ಲೆಟ್‌ಗಳಿಗೆ ಹೋಗುವ ಮಾಲಿನ ಲೆಕ್ಕ, ಕೆಓಟಿ ಅಂದರೆ ಅಡುಗೆಮನೆಗೆ ಹೋಗುವ ಆರ್ಡರ್ ಚೀಟಿ, ರಾತ್ರಿ ಕ್ಲೋಸಿಂಗ್ ಅಂದರೆ ದಿನದ ಕೊನೆಯ ಲೆಕ್ಕ ಸೀದಾ ಓನರ್ ಫೋನಿಗೆ. 4,80,000 ರೂಪಾಯಿಗೆ ಮಾತಾಯಿತು, ಜಿಎಸ್‌ಟಿ ಬೇರೆ.

ಓನರ್ ಕ್ಯಾಬಿನ್ನಿನ ಆ ಐದು ನಿಮಿಷ ಇವತ್ತಿಗೂ ಕಣ್ಣ ಮುಂದಿದೆ. ನನ್ನ ಬ್ಯಾಗಿನಲ್ಲಿ ನಾಲ್ಕು ಹಾಳೆಯ ಕೊಟೇಶನ್ ಇತ್ತು. ಕೊನೆಯ ಹಾಳೆಯಲ್ಲಿ ಪೇಮೆಂಟ್ ಬಗ್ಗೆ ಬರೆದಿದ್ದೆ: ಮುಂಗಡ 40 ಪರ್ಸೆಂಟ್, ಮೊದಲ ಆರು ಔಟ್‌ಲೆಟ್ ಶುರುವಾದ ಮೇಲೆ 40, ಕೊನೆಗೆ 20. ಓನರ್ ಕಾಫಿ ತರಿಸಿದರು, ಊರಿನ ಸುದ್ದಿ ಕೇಳಿದರು, ನಮ್ಮ ತಂದೆಯ ಹೆಸರು ಹೇಳಿದಾಗ "ಓಹೋ, ಮಾಸ್ಟ್ರ ಮಗನಾ ನೀನು" ಅಂದರು. ಪಕ್ಕದಲ್ಲಿದ್ದ ಅಕೌಂಟೆಂಟ್ ತಲೆ ಎತ್ತಿ, "ಪೇಮೆಂಟ್ ಹೇಗೆ?" ಅಂತ ಕೇಳಿದರು. ಅವರೇ ಕೇಳಿದರು. ನನ್ನ ಕೈ ಬ್ಯಾಗಿನ ಜಿಪ್ ಮೇಲೆ ಹೋಗಿತ್ತು. ಮಾಸ್ಟ್ರ ಮಗ ಅಂದವರ ಮುಂದೆ ಮುಂಗಡದ ಮಾತು ತೆಗೆಯುವುದು ಹೇಗೆ ಅನ್ನಿಸಿತು. "ಕೆಲಸ ಮುಗೀಲಿ, ಆಮೇಲೆ ನೋಡುವ" ಅಂದುಬಿಟ್ಟೆ. ಅಕೌಂಟೆಂಟ್ ತಲೆ ತಗ್ಗಿಸಿ ಬರೆದುಕೊಂಡರು. ಆ ಹಾಳೆ ಬ್ಯಾಗಿನಿಂದ ಹೊರಗೆ ಬರಲೇ ಇಲ್ಲ.

ಎರಡನೆಯ ತಪ್ಪೂ ಅದೇ ವಾರ. ಅವರ ವೆಂಡರ್ ಫಾರ್ಮಿನಲ್ಲಿ ಜಿಎಸ್‌ಟಿ ನಂಬರಿನ ಕಾಲಂ ಇತ್ತು. ಸರ್ವಿಸ್ ಕೊಡುವವರಿಗೆ ವರ್ಷಕ್ಕೆ 20 ಲಕ್ಷದ ವಹಿವಾಟು ದಾಟುವವರೆಗೆ ನೋಂದಣಿ ಕಡ್ಡಾಯವಲ್ಲ. ನಾನು ಅದರ ಅರ್ಧಕ್ಕೂ ಮುಟ್ಟಿರಲಿಲ್ಲ. ನಂಬರ್ ಇಲ್ಲದಿದ್ದರೂ ನಡೆಯುತ್ತದಾ ಅಂತ ಒಂದು ಫೋನ್ ಮಾಡಿ ಕೇಳಬಹುದಿತ್ತು. ನಂಬರ್ ಇದ್ದರೆ ನಾಲ್ಕು ಜನರ ಮುಂದೆ ತೂಕ ಬರುತ್ತದೆ ಅಂದುಕೊಂಡು ನವೆಂಬರಿನಲ್ಲಿ ಮಾಡಿಸಿಕೊಂಡೆ. ಹೊಡೆತ ಬಿದ್ದದ್ದು ಹಳೆಯ 46 ಹೋಟೆಲುಗಳ ಲೆಕ್ಕದಲ್ಲಿ. ನೋಂದಣಿಯಾದ ಮೇಲೆ ಅವರ ಬಿಲ್ಲಿಗೂ 18 ಪರ್ಸೆಂಟ್ ಹಾಕಲೇಬೇಕು. 2017ರ ನವೆಂಬರ್ 15ರಿಂದ ಹೋಟೆಲುಗಳು ಇರುವುದು 5 ಪರ್ಸೆಂಟಿನಲ್ಲಿ, ಇನ್‌ಪುಟ್ ಕ್ರೆಡಿಟ್ ಇಲ್ಲದೆ. ಅಂದರೆ ನಾನು ಹಾಕುವ 18 ಪರ್ಸೆಂಟನ್ನು ಅವರು ತಾವು ಕಟ್ಟುವ ತೆರಿಗೆಯಿಂದ ಕಳೆಯುವ ಹಾಗಿಲ್ಲ, ಪೂರ್ತಿ ಅವರ ಕೈಯಿಂದಲೇ ಹೋಗುವುದು. 9,000 ಇದ್ದದ್ದು 10,620 ಅಂದರೆ ಯಾವ ಶೆಟ್ಟರು ಒಪ್ಪುತ್ತಾರೆ? ರೇಟು ಏರಿಸದೆ ನಾನೇ ಹೊತ್ತುಕೊಂಡೆ. ಒಂದು ಹೋಟೆಲಿಗೆ 1,373 ರೂಪಾಯಿ. 46ಕ್ಕೆ ವರ್ಷಕ್ಕೆ 63 ಸಾವಿರ. ಈ ಗುಣಾಕಾರವನ್ನು ನಾನು ನೋಂದಣಿಗೆ ಮೊದಲು ಮಾಡಲಿಲ್ಲ. ಮಾಡಿದ್ದು ಮಾರ್ಚಿನಲ್ಲಿ.

ದೊಡ್ಡ ಆರ್ಡರ್ ಕೈಯಲ್ಲಿದೆ ಅನ್ನುವ ಧೈರ್ಯದಲ್ಲಿ ಡಿಸೆಂಬರಿನಿಂದ ಗೂಗಲ್ ಆ್ಯಡ್ಸ್ ಶುರು ಮಾಡಿದೆ. ಮೂರು ತಿಂಗಳಲ್ಲಿ 60,000 ರೂಪಾಯಿ. ದಿನಾ ಬೆಳಿಗ್ಗೆ ಎದ್ದ ಕೂಡಲೇ ಟ್ರಯಲ್‌ಗೆ ಸೇರಿದವರ ಸಂಖ್ಯೆ ನೋಡುತ್ತಿದ್ದೆ. 40, 90, 150. ಹೆಂಡತಿಗೆ ತೋರಿಸುತ್ತಿದ್ದೆ. 200 ದಾಟಿದಾಗ ಇದರಲ್ಲಿ ಕಾಲು ಭಾಗ ದುಡ್ಡು ಕೊಟ್ಟರೂ ಸಾಕು, ವರ್ಷ ಗೆದ್ದೆವು ಅಂದೆ. ಫೆಬ್ರವರಿ ಕೊನೆಗೆ ದುಡ್ಡು ಕೊಟ್ಟವರು ಮೂವರು.

ಆಮೇಲೆ ಕೂತು, ಜನ ಏನು ಹುಡುಕಿ ನನ್ನ ಜಾಹೀರಾತಿಗೆ ಬಂದರು ಅಂತ ತೋರಿಸುವ ಸರ್ಚ್ ಟರ್ಮ್ಸ್ ರಿಪೋರ್ಟ್ ತೆಗೆದೆ. ಮೊದಲ ವಾರವೇ ತೆಗೆಯಬೇಕಿತ್ತು. ನಮ್ಮವರಿಗೆ ಹೋಟೆಲ್ ಅಂದರೆ ಇಡ್ಲಿ, ದೋಸೆ, ರೈಸ್ ಪ್ಲೇಟ್. ಮುಂಬೈಯಲ್ಲಿ ನಾಲ್ಕು ತಲೆಮಾರಿನಿಂದ ನಾವು ಆ ಶಬ್ದವನ್ನು ಹಾಗೇ ಬಳಸಿದ್ದೇವೆ. ಗೂಗಲಿಗೆ ಹೋಟೆಲ್ ಅಂದರೆ ರೂಮು. ಹತ್ತಿರದ ಹುಡುಕಾಟಕ್ಕೂ ಜಾಹೀರಾತು ತೋರಿಸುವ ಬ್ರಾಡ್ ಮ್ಯಾಚ್ ಹಾಕಿಟ್ಟಿದ್ದರಿಂದ ಲೋಣಾವಳದಲ್ಲಿ ರೂಮ್ ಹುಡುಕುವವರು, ಅಲಿಬಾಗ್ ಲಾಡ್ಜಿನ ಮ್ಯಾನೇಜರುಗಳು, ಎಲ್ಲರೂ ನನ್ನ ದುಡ್ಡಿನಲ್ಲಿ ಕ್ಲಿಕ್ ಮಾಡಿ ಹೋಗಿದ್ದರು. ಅದಕ್ಕಿಂತ ಹೆಚ್ಚು ಇದ್ದದ್ದು ಕಾಲೇಜು ಹುಡುಗರು. ಹೋಟೆಲ್ ಬಿಲ್ಲಿಂಗ್ ಪ್ರಾಜೆಕ್ಟ್ ಜಾವಾದಲ್ಲಿ, ಸೋರ್ಸ್ ಕೋಡ್ ಸಮೇತ, ಫ್ರೀ ಡೌನ್‌ಲೋಡ್. ಟ್ರಯಲ್‌ಗೆ ಸೇರಿದ 200 ಜನರಲ್ಲಿ ಎಷ್ಟೋ ಮಂದಿ ಪರೀಕ್ಷೆಗೆ ಪ್ರಾಜೆಕ್ಟ್ ಬರೆಯುತ್ತಿದ್ದ ಮಕ್ಕಳು. ಫ್ರೀ, ಪ್ರಾಜೆಕ್ಟ್, ಬುಕಿಂಗ್ ಅನ್ನುವ ಶಬ್ದಗಳನ್ನು, ಇವು ಇದ್ದರೆ ಜಾಹೀರಾತು ಬೇಡ ಅನ್ನುವ ನೆಗೆಟಿವ್ ಲಿಸ್ಟಿಗೆ ಹಾಕಲು ಹತ್ತು ನಿಮಿಷ ಸಾಕಾಗಿತ್ತು.

ಮಾರ್ಚ್ 28ಕ್ಕೆ ಗ್ರೂಪಿನ ಅಕೌಂಟೆಂಟ್ ಫೋನ್. "ಕೆಲಸ ಆಯ್ತಲ್ಲ, 31ರ ಒಳಗೆ ಬಿಲ್ ಹಾಕಿ ಮಾರಾಯ್ರೆ, ಈ ವರ್ಷದ ಖರ್ಚಿಗೆ ಹಿಡ್ಕೊಳ್ತೇವೆ." ಬಿಲ್ ಕೇಳಿದರು ಅಂದರೆ ದುಡ್ಡು ಬಂದ ಹಾಗೇ ಅಂದುಕೊಂಡೆ. ಹತ್ತು ನಿಮಿಷದಲ್ಲಿ 5,66,400 ರೂಪಾಯಿಯ ಬಿಲ್ ಕಳಿಸಿದೆ. ಆ ತಾರೀಕಿನಿಂದ 86,400 ರೂಪಾಯಿ ಸರ್ಕಾರಕ್ಕೆ ನಾನು ಕೊಡಬೇಕಾದ ಸಾಲ. ಗಿರಾಕಿ ಕೊಟ್ಟರಾ ಬಿಟ್ಟರಾ ಅಂತ ಜಿಎಸ್‌ಟಿ ಕೇಳುವುದಿಲ್ಲ.

ಏಪ್ರಿಲ್ ಮೊದಲ ವಾರ ಫೋನ್ ಮಾಡಿದರೆ ಓನರ್ ಊರಿಗೆ ಹೋಗಿದ್ದಾರೆ, ಮನೆಯ ದೈವದ ಕೋಲ. ಎರಡನೆಯ ವಾರ ಆಡಿಟ್. ಮೂರನೆಯ ವಾರ ಅಕೌಂಟೆಂಟ್ ಫೋನ್ ಎತ್ತಲಿಲ್ಲ. ಠಾಣೆಯ ಆಫೀಸಿಗೆ ಎರಡು ಸಲ ಹೋಗಿ ಕೂತು ಬಂದೆ. ಅಷ್ಟರಲ್ಲಿ ಅವರ 12 ಔಟ್‌ಲೆಟ್‌ನಲ್ಲೂ ನನ್ನ ಸಾಫ್ಟ್‌ವೇರಿನಲ್ಲೇ ಬಿಲ್ ಆಗುತ್ತಿತ್ತು. ಒಂದು ಬಟನ್ ಒತ್ತಿ ನಿಲ್ಲಿಸಬಹುದಿತ್ತು. ಆ ಯೋಚನೆ ಬಂದದ್ದು ಹೌದು. ಕೌಂಟರಿನಲ್ಲಿ ನಿಂತು ಪಾರ್ಸಲ್ ಕೊಡುವ ಹುಡುಗನ ಕೈ ಕಟ್ಟಿ ಓನರ್‌ನಿಂದ ದುಡ್ಡು ವಸೂಲಿ ಮಾಡುವುದು ನನ್ನಿಂದ ಆಗುವ ಕೆಲಸವಲ್ಲ.

ನಮ್ಮ ಸಿಎಗೆ ಫೋನ್ ಮಾಡಿದೆ. ಬಿಲ್ ಹಾಕಿದ ಅದೇ ಹಣಕಾಸು ವರ್ಷದಿಂದ ಆದಾಯ ತೆರಿಗೆಯಲ್ಲಿ 43ಬಿ(ಎಚ್) ಅನ್ನುವ ಕಲಂ ಬಂದಿತ್ತು. ಸಣ್ಣ ಉದ್ಯಮಕ್ಕೆ ಕೊಡಬೇಕಾದ್ದನ್ನು 15 ದಿನದಲ್ಲಿ, ಲಿಖಿತ ಒಪ್ಪಂದ ಇದ್ದರೆ ಹೆಚ್ಚೆಂದರೆ 45 ದಿನದಲ್ಲಿ ಕೊಡದಿದ್ದರೆ, ಕೊಡಬೇಕಾದವರು ಆ ಖರ್ಚನ್ನು ಆ ವರ್ಷದ ಆದಾಯದಿಂದ ಕಳೆಯುವ ಹಾಗಿಲ್ಲ. ಅವರು ಬಿಲ್ ಕೇಳಿದ್ದೇ ಖರ್ಚಿಗೆ ಹಿಡಿಯಲು. ಸಿಎ ಒಂದೇ ಪ್ರಶ್ನೆ ಕೇಳಿದರು: "ಉದ್ಯಮ್ ರಿಜಿಸ್ಟ್ರೇಶನ್ ಇದೆಯಾ?" ಇರಲಿಲ್ಲ. ಸಣ್ಣ ಉದ್ಯಮ ಅಂತ ಸರ್ಕಾರದಲ್ಲಿ ಹೆಸರು ಬರೆಸುವ ಆ ನೋಂದಣಿ ಇಲ್ಲದೆ ಈ ನಿಯಮ ಹಿಡಿದು ಕೇಳುವ ಹಾಗಿರಲಿಲ್ಲ. ಅದು ಪುಕ್ಕಟೆ. ಆಧಾರ್, ಪ್ಯಾನ್ ಇದ್ದರೆ ಮನೆಯಲ್ಲೇ ಕೂತು ಮಾಡುವಂಥದ್ದು. ಬೇಡದ ಜಿಎಸ್‌ಟಿ ಮಾಡಿಸಿಕೊಂಡಿದ್ದೆ, ಬೇಕಾದ ಉದ್ಯಮ್ ಮಾಡಿಸಿರಲಿಲ್ಲ.

ಹಾಗೆ ಬಂತು 22ನೇ ತಾರೀಕು. ನಾನಿರುವುದು ಮೂರು ತಿಂಗಳಿಗೊಮ್ಮೆ ರಿಟರ್ನ್ ಕೊಡುವ ಸ್ಕೀಮಿನಲ್ಲಿ, ಮಹಾರಾಷ್ಟ್ರಕ್ಕೆ 22 ಕೊನೆಯ ದಿನ. ಸಣ್ಣ ಬಿಲ್ಲುಗಳ ತೆರಿಗೆ ಹೇಗೋ ಹೊಂದಿಕೊಂಡಿತ್ತು. ಎದುರಿಗೆ ಉಳಿದದ್ದು ಆ ಒಂದು ಬಿಲ್ಲಿನದ್ದು: ಸಿಜಿಎಸ್‌ಟಿ 43,200, ಎಸ್‌ಜಿಎಸ್‌ಟಿ 43,200. ಇನ್‌ಪುಟ್ ಕ್ರೆಡಿಟ್ ನೋಡೋಣ, ಗೂಗಲಿಗೆ ಕಟ್ಟಿದ 60 ಸಾವಿರದ ಮೇಲೆ 10,800 ತೆರಿಗೆ ಹೋಗಿದೆಯಲ್ಲ ಅಂತ, ನನಗೆ ಸಿಗುವ ಕ್ರೆಡಿಟ್ ತೋರಿಸುವ ಪೋರ್ಟಲಿನ ಪಟ್ಟಿ 2ಬಿ ತೆಗೆದೆ. ಅದರಲ್ಲಿ ಇರಲಿಲ್ಲ. ಆ್ಯಡ್ಸ್ ಅಕೌಂಟಿನಲ್ಲಿ ನನ್ನ ಜಿಎಸ್‌ಟಿ ನಂಬರ್ ಹಾಕಿಯೇ ಇರಲಿಲ್ಲ. ತೂಕ ಬರುತ್ತದೆ ಅಂತ ಮಾಡಿಸಿಕೊಂಡ ನಂಬರನ್ನು ಉಪಯೋಗಕ್ಕೆ ಬರುವ ಒಂದೇ ಜಾಗದಲ್ಲಿ ತುಂಬದೆ ಬಿಟ್ಟಿದ್ದೆ.

ಹೆಂಡತಿ ಪಾತ್ರೆ ಮುಗಿಸಿ ಬಂದು ಎದುರಿನ ಕುರ್ಚಿಯಲ್ಲಿ ಕೂತಳು. "ಎಷ್ಟು ಕಡಿಮೆ ಬೀಳ್ತದೆ?" ಅಂದಳು. 55 ಸಾವಿರ ಅಂದೆ. ಅವಳು ಏನೂ ಹೇಳದೆ ಫೋನ್ ತೆಗೆದು ಬ್ಯಾಂಕಿನ ಆ್ಯಪ್ ತೆರೆದಳು. ಮಗಳ ಹನ್ನೊಂದನೇ ತರಗತಿ ಅಡ್ಮಿಷನ್ನಿಗೆ ಅಂತ ಅವಳ ಸಂಬಳದಲ್ಲಿ ಇಟ್ಟಿದ್ದ 60 ಸಾವಿರದ ಎಫ್‌ಡಿ. ಮುರಿಯಬೇಕಾ ಅಂತ ಆ್ಯಪ್ ಎರಡು ಸಲ ಕೇಳಿತು. ಎರಡು ಸಲವೂ ಅವಳೇ ಹೌದು ಒತ್ತಿದಳು. ಮಗಳು ಒಳಗೆ ಮಲಗಿದ್ದಳು.

ದುಡ್ಡು ನನ್ನ ಅಕೌಂಟಿಗೆ ಬಂದಾಗ ಹತ್ತು ಐವತ್ತು. ಚಲನ್ ಮಾಡಿದೆ, ನೆಟ್ ಬ್ಯಾಂಕಿಂಗ್, ಓಟಿಪಿ. 86,400 ಕಟ್ ಆದ ಮೆಸೇಜ್ ಬಂತು. ಪೋರ್ಟಲಿನ ಕ್ಯಾಶ್ ಲೆಡ್ಜರಿನಲ್ಲಿ ಸೊನ್ನೆ. ರಿಫ್ರೆಶ್ ಮಾಡಿದೆ, ಸೊನ್ನೆ. ಲಾಗೌಟ್ ಆಗಿ ಮತ್ತೆ ಒಳಗೆ ಹೋದೆ, ಸೊನ್ನೆ. ಒಂದು ದಿನ ತಡವಾದರೆ ದಂಡ 50 ರೂಪಾಯಿ, ಅದು ಗೊತ್ತಿತ್ತು. ಆದರೂ ಬೆನ್ನು ಬೆವರಿತ್ತು. ಮಗಳ ದುಡ್ಡು ನನ್ನ ಖಾತೆಯಲ್ಲೂ ಇಲ್ಲ, ಸರ್ಕಾರದ ಖಾತೆಯಲ್ಲೂ ಕಾಣುತ್ತಿಲ್ಲ. ಆ ಅರ್ಧ ಗಂಟೆ ಹೆಂಡತಿ ಎದ್ದು ಹೋಗಲಿಲ್ಲ. ಹನ್ನೊಂದು ಇಪ್ಪತ್ತಾರಕ್ಕೆ ಲೆಡ್ಜರಿನಲ್ಲಿ ಅಂಕಿ ಬಂತು. ಆಫ್‌ಸೆಟ್ ಒತ್ತಿ ರಿಟರ್ನ್ ಕೊಟ್ಟೆ.

ಜೂನಿನಲ್ಲಿ, ನನ್ನ ಪ್ಯಾನ್ ಮೇಲೆ ಕಟ್ಟಿದ ಆದಾಯ ತೆರಿಗೆ ತೋರಿಸುವ 26ಎಎಸ್ ತೆಗೆದು ನೋಡಿದಾಗ ಮತ್ತೊಂದು ಏಟು. ಗ್ರೂಪಿನವರು ನನ್ನ ಬಿಲ್ಲನ್ನು ಮಾರ್ಚಿಗೇ ಹಿಡಿದು, 10 ಪರ್ಸೆಂಟ್ ಟಿಡಿಎಸ್ ಮುರಿದು, 48,000 ರೂಪಾಯಿ ನನ್ನ ಪ್ಯಾನ್ ಮೇಲೆ ಸರ್ಕಾರಕ್ಕೆ ಕಟ್ಟಿಯೂ ಆಗಿತ್ತು. ನನಗೆ ಮುಟ್ಟದ ದುಡ್ಡಿನ ಮೇಲೆ ಎರಡು ತೆರಿಗೆ ಹೋಗಿತ್ತು. ಕೊನೆಗೆ ದುಡ್ಡು ಬಂತು, ಪೂರ್ತಿ ಬಂತು: ಜುಲೈಯಲ್ಲಿ 2,50,000, ಸೆಪ್ಟೆಂಬರಿನಲ್ಲಿ 2,68,400. ಅವರು ಮೋಸ ಮಾಡಿದರು ಅಂತ ನಾನು ಹೇಳುವುದಿಲ್ಲ. ತರಕಾರಿಯವರಿಗೆ, ಹಾಲಿನವರಿಗೆ, ಗ್ಯಾಸಿನವರಿಗೆ ಕೊಟ್ಟು ಉಳಿದಾಗ ನನಗೆ ಕೊಟ್ಟರು. ಯಾವಾಗ ಕೊಡಬೇಕು ಅಂತ ಹೇಳಬೇಕಾಗಿದ್ದವನು ನಾನು. ಮಗಳ ಫೀಸಿಗೆ ಜೂನಿನಲ್ಲಿ ಭಾವನ ಹತ್ತಿರ ಕೈಗಡ ತೆಗೆದುಕೊಂಡೆವು.

ಆ ಮಳೆಗಾಲದಲ್ಲಿ ಕೂತು ಹಳೆಯ 46 ಗಿರಾಕಿಗಳು ಹೇಗೆ ಬಂದರು ಅಂತ ಒಂದೊಂದಾಗಿ ಬರೆದೆ. ಜಾಹೀರಾತಿನಿಂದ ಬಂದವರು ಒಬ್ಬರೂ ಅಲ್ಲ. 19 ಹೋಟೆಲ್ ಬಂದದ್ದು ಮ್ಯಾನೇಜರುಗಳಿಂದ. ಒಂದು ಕಡೆ ಬಿಟ್ಟು ಇನ್ನೊಂದು ಕಡೆ ಸೇರುವಾಗ, ಕೈಗೆ ಪಳಗಿದ ಬಿಲ್ಲಿಂಗನ್ನೂ ಅವರು ಜೊತೆಗೆ ಕೇಳುತ್ತಾರೆ. 2022ರ ಜನವರಿ 1ರಿಂದ ಸ್ವಿಗ್ಗಿ, ಝೊಮ್ಯಾಟೊ ಆರ್ಡರಿನ ಜಿಎಸ್‌ಟಿ ಕಟ್ಟುವ ಹೊಣೆ ಆ ಕಂಪನಿಗಳ ಮೇಲೆ ಹೋದಾಗ, ಹಿಂದಿನ ರಾತ್ರಿಯೇ ಅಪ್‌ಡೇಟ್ ಹಾಕಿ, ಹೊಸ ವರ್ಷದ ಬೆಳಿಗ್ಗೆ ಕಲ್ಯಾಣದಿಂದ ಘಾಟ್‌ಕೋಪರ್ ತನಕ ಹೋಟೆಲ್ ಹೋಟೆಲ್ ಸುತ್ತಿ ಕ್ಲೋಸಿಂಗ್ ಹೇಗೆ ನೋಡಬೇಕು ಅಂತ ತೋರಿಸಿದ್ದೆ. ಆ ತಿಂಗಳು 7 ಹೊಸ ಹೋಟೆಲ್ ಬಂದಿದ್ದವು. ಅದು ಮಾರ್ಕೆಟಿಂಗ್ ಅಂತ ಆಗ ನನಗೆ ಹೊಳೆದಿರಲಿಲ್ಲ. ಮಿಕ್ಕ ಹೆಚ್ಚಿನವರನ್ನು ತಂದದ್ದು ಒಬ್ಬರೇ, ಥರ್ಮಲ್ ಪ್ರಿಂಟರಿಗೆ ರೋಲ್ ಹಾಕುವ ಅಣ್ಣ. ಯಾವ ಹೋಟೆಲಿನಲ್ಲಿ ಪ್ರಿಂಟರ್ ಕೈ ಕೊಡುತ್ತಿದೆ, ಎಲ್ಲಿ ಹಳೆಯ ಸಾಫ್ಟ್‌ವೇರಿನವರು ಫೋನ್ ಎತ್ತುವುದಿಲ್ಲ, ಎಲ್ಲ ಅವರಿಗೆ ಗೊತ್ತು. ಗೂಗಲಿಗೆ 60 ಸಾವಿರ ಸುರಿಯುತ್ತಿದ್ದ ಮೂರು ತಿಂಗಳು ನಾನು ಅವರಿಗೆ ಒಂದು ಫೋನ್ ಕೂಡ ಮಾಡಿರಲಿಲ್ಲ. ಈಗ ಅವರು ತಂದ ಪ್ರತಿ ಹೋಟೆಲಿಗೆ 1,000 ರೂಪಾಯಿ, ಅದೂ ಹೋಟೆಲಿನವರ ದುಡ್ಡು ನನಗೆ ಬಂದ ದಿನವೇ.

ಹೋದ ತಿಂಗಳು ಅವರೇ ಚೆಂಬೂರಿನ ಒಂದು ಹೋಟೆಲಿಗೆ ಕರೆದುಕೊಂಡು ಹೋದರು. ಮಧ್ಯಾಹ್ನ ನಾಲ್ಕು ಗಂಟೆ, ಊಟದ ರಶ್ ಇಳಿದು ಶೆಟ್ಟರು ಗಲ್ಲದಲ್ಲಿ, ಅಂದರೆ ಕ್ಯಾಶ್ ಕೌಂಟರಿನಲ್ಲಿ, ಕೂತು ಚಹಾ ಕುಡಿಯುವ ಹೊತ್ತು. ಡೆಮೊ ಪೂರ್ತಿ ನೋಡಿದರು. ಆಮೇಲೆ, ಈ ಧಂಧೆಯಲ್ಲಿ ಎಲ್ಲ ಓನರುಗಳೂ ಕೇಳುವ ಪ್ರಶ್ನೆ ಕೇಳಿದರು. "ಅದೆಲ್ಲ ಸರಿ ಮಾರಾಯ. ನೀನು ಒಬ್ಬನೇ. ನಾಳೆ ನಿಂಗೆ ಹುಷಾರಿಲ್ಲ ಅಂದ್ರೆ ನನ್ನ ಗಲ್ಲದ ಗತಿ ಎಂತ?"

ಮೊದಲಾದರೆ ನಾನಿದ್ದೇನೆ, ಚಿಂತೆ ಬೇಡ ಅನ್ನುತ್ತಿದ್ದೆ. ಈಗ ಒಂದು ಚೀಟಿ ಕೊಡುತ್ತೇನೆ. ಅದರಲ್ಲಿ ಪುಣೆಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯ ನಂಬರ್ ಇದೆ. ಕೋಡು, ಸರ್ವರ್ ಎರಡರ ಬೀಗದ ಕೈ ಅವನ ಹತ್ತಿರವೂ ಇದೆ, ಅದಕ್ಕೆ ತಿಂಗಳು ತಿಂಗಳು ಅವನಿಗೆ ದುಡ್ಡು ಕೊಡುತ್ತೇನೆ. ಇಂಟರ್ನೆಟ್ ಹೋದರೂ ಬಿಲ್ ಆಗುತ್ತದೆ, ದಿನದ ಬ್ಯಾಕಪ್ ಹೋಟೆಲಿನ ಪೆನ್‌ಡ್ರೈವಿನಲ್ಲೇ ಇರುತ್ತದೆ. ಶೆಟ್ಟರು ಅಲ್ಲೇ ಆ ನಂಬರಿಗೆ ಫೋನ್ ಹಚ್ಚಿದರು. ಅವನು ಎರಡನೇ ರಿಂಗಿಗೆ ಎತ್ತಿದ.

"ಎಷ್ಟು ಕೊಡ್ಬೇಕು?" ಅಂದರು. ವರ್ಷದ್ದು ಮುಂಗಡ, ಜಿಎಸ್‌ಟಿ ಸೇರಿ 10,620 ಅಂದೆ. "ಬಿಲ್ ಇಟ್ಟು ಹೋಗು, ಶನಿವಾರ ನೋಡುವ." ಬಿಲ್ ಅಲ್ಲ, ಮೊತ್ತ ಮಾತ್ರ ತಿಳಿಸುವ ಪ್ರೊಫಾರ್ಮಾ ಹಾಳೆ ಮೇಜಿನ ಮೇಲೆ ಇಟ್ಟು, "ದುಡ್ಡು ಬಂದ ಕೂಡ್ಲೆ ಬಿಲ್ ಕಳಿಸ್ತೇನೆ ಶೆಟ್ರೆ, ಮೆಷಿನ್ ಅವತ್ತೇ ಶುರು ಮಾಡುವ" ಅಂದೆ. ಹೇಳುವಾಗ ಗಂಟಲು ಒಣಗಿತ್ತು. ಅವರು ಹಾಳೆಯನ್ನು ಒಮ್ಮೆ ನೋಡಿ ಗಲ್ಲದ ಗಾಜಿನ ಕೆಳಗೆ ಸೇರಿಸಿದರು. ನನಗೂ ಅಣ್ಣನಿಗೂ ಚಹಾ ಹೇಳಿದರು.

ಶನಿವಾರ ಬರಲಿಲ್ಲ. ಸೋಮವಾರ ಸಂಜೆ ಡೊಂಬಿವಲಿ ಲೋಕಲಿನಲ್ಲಿ ನಿಂತಿದ್ದಾಗ ಫೋನಿಗೆ ಮೆಸೇಜ್ ಬಂತು, 10,620. ಮನೆಗೆ ಬಂದು ಬಿಲ್ ಮಾಡಿದೆ.