ಮೀನಿನ ತೊಟ್ಟಿಗೆ ನಳದ ನೀರು: ಆ ಹನಿ ಹಾಕಲೇಬೇಕಾ?

ಅಕ್ವೇರಿಯಂ ಇಟ್ಟವರು ಯಾರೇ ಸಿಕ್ಕರೂ ಈ ಮಾತು ಬಂದೇ ಬರುತ್ತದೆ. ನೀರು ಬದಲಿಸುವಾಗ ಆಂಟಿ ಕ್ಲೋರಿನ್ ಹನಿ ಹಾಕಲೇಬೇಕಾ, ಇಲ್ಲಾ ಅಂಗಡಿಯವರು ಸುಮ್ನೆ ಬಾಟಲಿ ಖರ್ಚಾಗಲಿ ಅಂತ ಹೇಳ್ತಾರಾ? ಯಾವ ನೀರು ಅಂತ ಮೊದಲು ಹೇಳಿ, ಆಮೇಲೆ ಮಾತು. ನಮ್ಮ ಕಲಬುರಗಿಯಲ್ಲಿ ಎಷ್ಟೋ ಮನೆಗಳಲ್ಲಿ ನಳದ ನೀರು ಬೇರೆ, ಬೋರಿನ ನೀರು ಬೇರೆ, ಕುಡಿಯೋಕೆ ಆರ್‌ಒ ನೀರು ಬೇರೆ.

ನಳದ ನೀರು ಭೀಮಾ ನದಿಯಿಂದ, ಬೆಣ್ಣೆತೊರೆಯಿಂದ ಬರುತ್ತದೆ, ಕ್ಲೋರಿನ್ ಹಾಕಿಯೇ ಬಿಡುತ್ತಾರೆ. ಕುಡಿಯುವ ನೀರಿನ ಮಾನದಂಡದ ಪ್ರಕಾರ ಮನೆ ನಳದಲ್ಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು. ನಮಗೆ ಅದೇ ರಕ್ಷಣೆ, ಮೀನಿನ ಕಿವಿರಿಗೆ ಮಾತ್ರ ಅಷ್ಟೂ ಜಾಸ್ತಿಯೇ. ಮಳೆಗಾಲದಲ್ಲಿ ಹೊಳೆ ನೀರು ಕೆಂಪಾದಾಗ ಕ್ಲೋರಿನ್ ಪ್ರಮಾಣವೂ ಏರುತ್ತದೆ, ಒಮ್ಮೊಮ್ಮೆ ಬಕೆಟ್ ಹತ್ತಿರ ಬಗ್ಗಿದರೆ ಸಾಕು, ಘಾಟು ಮೂಗಿಗೆ ಹೊಡೆಯುತ್ತದೆ. ನಮ್ಮಲ್ಲಿ ನಳ ದಿನಾ ಬರೋದಿಲ್ಲ ಅಲ್ವಾ, ಬಂದ ದಿನವೇ ಸಂಪು, ಡ್ರಮ್ಮು, ಕೊಡ ಎಲ್ಲ ತುಂಬಿಸುವ ಗಡಿಬಿಡಿಯಲ್ಲಿ ಮೀನಿನ ನೀರನ್ನೂ ಬದಲಿಸಿಬಿಡೋಣ ಅನ್ನಿಸುತ್ತದೆ. ಹನಿ ಹಾಕದೆ ಬದಲಿಸಬಾರದ ದಿನ ಅಂದರೆ ಅದೇ!

ಮೀನು ಮೇಲೆ ಬಂದು ಬಾಯಿ ಬಾಯಿ ಬಿಟ್ಟರೆ ಏನೋ ಆಗಿದೆ ಅಂತ ಕಣ್ಣಿಗಾದರೂ ಕಾಣುತ್ತದೆ. ಕಾಣದಿರೋ ಪೆಟ್ಟು ಫಿಲ್ಟರಿನದು. ಆ ಸ್ಪಂಜಿನಲ್ಲಿ ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾ ಇರುತ್ತವೆ. ಕ್ಲೋರಿನ್ ಇರೋದೇ ಬ್ಯಾಕ್ಟೀರಿಯಾ ಕೊಲ್ಲೋಕೆ, ಒಳ್ಳೇದು ಕೆಟ್ಟದ್ದು ಅಂತ ಅದು ನೋಡೋದಿಲ್ಲ. ಸ್ಪಂಜನ್ನು ನಳದ ಕೆಳಗೆ ಹಿಡಿದು ಚೆನ್ನಾಗಿ ಹಿಂಡಿ ತೊಳೆಯುವವರಿದ್ದಾರೆ. ಬ್ಯಾಕ್ಟೀರಿಯಾ ಸತ್ತು, ಅಮೋನಿಯಾ ವಿಷ ಏರಿ, ನಾಲ್ಕು ದಿನ ಬಿಟ್ಟು ಮೀನು ಸತ್ತಾಗ ಯಾವುದೋ ರೋಗ ಅಂದುಕೊಳ್ಳುತ್ತಾರೆ. ಸ್ಪಂಜನ್ನು ತೊಟ್ಟಿಯಿಂದ ತೆಗೆದ ಹಳೇ ನೀರಿನಲ್ಲೇ ಅದ್ದಿ ಜಾಲಿಸಿದರೆ ಸಾಕು.

ಹನಿ ಬೇಡ ಅಂದರೆ ಅಗಲ ಬಾಯಿಯ ಟಬ್ಬಿನಲ್ಲಿ ನೀರು ತುಂಬಿ ಗಾಳಿಗುಳ್ಳೆ ಬಿಡುವ ಏರ್ ಸ್ಟೋನ್ ಬಿಟ್ಟು ಒಂದು ದಿನ ಇಡಿ, ಬರೀ ಕ್ಲೋರಿನ್ ಆದರೆ ಹಾರಿಹೋಗುತ್ತದೆ. ಮುಚ್ಚಳ ಹಾಕಿದ ಸಂಪನ್ನು ಮಾತ್ರ ನಂಬಬೇಡಿ, ಅಲ್ಲಿ ಗಾಳಿಯೂ ಇಲ್ಲ ಬಿಸಿಲೂ ಇಲ್ಲ. ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಕ್ಲೋರಮೈನ್ ಅಂತ ಇನ್ನೊಂದಿದೆ, ಅದು ಹೀಗೆ ಸುಲಭಕ್ಕೆ ಹೋಗೋದಿಲ್ಲ. ಅನುಮಾನ ಇದ್ದರೆ ಈಜುಕೊಳದವರು ಕ್ಲೋರಿನ್ ಪರೀಕ್ಷೆಗೆ ಬಳಸುವ ಓಟಿ (ಆರ್ಥೋಟಾಲಿಡಿನ್) ಹನಿ ತಂದು ಒಂದು ಗ್ಲಾಸು ನೀರಿಗೆ ಹಾಕಿ ನೋಡಿ, ಹಳದಿ ತಿರುಗಿದರೆ ಕ್ಲೋರಿನ್ ಇದೆ ಅಂತ. ಆ ಗ್ಲಾಸಿನ ನೀರನ್ನು ತೊಟ್ಟಿಗೆ ಸುರಿಯಬೇಡಿ ಮತ್ತೆ.

ಬಹಳಷ್ಟು ಆಂಟಿ ಕ್ಲೋರಿನ್ ಬಾಟಲಿಗಳಲ್ಲಿ ಇರೋದು ಸೋಡಿಯಂ ಥಯೋಸಲ್ಫೇಟ್. ಇದರ ಹರಳು ಬಿಡಿಯಾಗಿಯೂ ಸಿಗುತ್ತದೆ, ಬಹಳ ಅಗ್ಗ. 1 ಮಿಲಿಗ್ರಾಂ ಕ್ಲೋರಿನ್‌ಗೆ ಸುಮಾರು 7 ಮಿಲಿಗ್ರಾಂ ಹರಳು ಬೇಕು, ಅಂದರೆ ಒಂದು ಬಕೆಟ್ಟಿಗೆ ಚಿಟಿಕೆಯಷ್ಟೂ ಬೇಡ. ಎಷ್ಟು ಹಾಕಬೇಕು ಅನ್ನೋದಕ್ಕೆ, ಬಕೆಟ್ಟಿನಲ್ಲೇ ಕಲಸಿ ಹಾಕುವುದಾದರೆ ಬಕೆಟ್ಟಿನ ನೀರಿನ ಲೆಕ್ಕ, ಪೈಪಿನಿಂದ ನೇರ ತೊಟ್ಟಿಗೆ ಬಿಡುವುದಾದರೆ ಇಡೀ ತೊಟ್ಟಿಯ ಲೆಕ್ಕ.

ಬೋರಿನ ನೀರಿಗೆ ನೀವೇ ಬ್ಲೀಚಿಂಗ್ ಪೌಡರ್ ಹಾಕಿಲ್ಲ ಅಂದರೆ ಈ ಹನಿ ದಂಡ. ಅಲ್ಲಿನ ತೊಂದರೆ ಗಡಸುತನ. ಶಹಾಬಾದ್ ಕಲ್ಲಿನ ಸೀಮೆ ನಮ್ಮದು, ಬಹಳ ಕಡೆ ನೆಲದ ಕೆಳಗೆ ಸುಣ್ಣದಕಲ್ಲು, ತೊಟ್ಟಿಯ ಗಾಜಿನ ಮೇಲೆ ನೀರು ಆರಿದ ಕಡೆಯೆಲ್ಲಾ ಬಿಳಿ ಗೆರೆ ಕೂತುಬಿಡುತ್ತದೆ. ಗಪ್ಪಿ, ಮೋಲಿ ಮೀನುಗಳಿಗೆ ಇಂಥ ನೀರು ಒಗ್ಗುತ್ತದೆ. ಮೆದು ನೀರಿನ ಡಿಸ್ಕಸ್ ಮೀನು ಸಾಕಬೇಕು ಅಂದರೆ ಆರ್‌ಒ ನೀರು ಬೆರೆಸಬೇಕು. ಪೂರ್ತಿ ಆರ್‌ಒ ಬೇಡ, ಅದರಲ್ಲಿ ಲವಣ ತೀರಾ ಕಡಿಮೆ. ಆರ್‌ಒ ಹೊರಗೆ ಬಿಡುವ ವೇಸ್ಟ್ ನೀರನ್ನು ತೊಟ್ಟಿಗೆ ಹಾಕೋಣ ಅಂತಲೂ ಕೇಳ್ತಾರೆ. ಬೇಡ, ಅದು ಇನ್ನೂ ಗಡಸು, ನೆಲ ಒರೆಸೋಕೆ ಇಟ್ಟುಕೊಳ್ಳಿ.