ಗದ್ದೆಗೆ ಮಣ್ಣು ತುಂಬಿಸಿ ಮನೆ ಕಟ್ಟುವ ಮುಂಚೆ

ದೊಡ್ಡಪ್ಪನ ಮಗ ಕುಂದಾಪುರದ ಹತ್ತಿರ ಹೊಳೆಬದಿಯ ಗದ್ದೆಗೆ ಆರಡಿ ಕೆಂಪುಮಣ್ಣು ತುಂಬಿಸಿದ. ಒಂದು ಮಳೆಗಾಲ ಬಿಟ್ಟು ಪಂಚಾಂಗ (ಅಡಿಪಾಯ) ಹಾಕಿ ಮನೆ ಮುಗಿಸಿದ. ಎರಡೇ ವರ್ಷ. ಅಡುಗೆಮನೆ ಕಿಟಕಿಯ ಮೂಲೆಯಿಂದ ಬಿರುಕು ಶುರುವಾಯಿತು, ಈಗ ಅದರೊಳಗೆ ನಾಣ್ಯ ತೂರಿಸಬಹುದು. ಸಿಮೆಂಟು ಕಮ್ಮಿ ಹಾಕಿರಬೇಕು ಅಂತ ಊರವರು ಹೇಳುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಮನೆಯ ಆ ಬದಿ ಕೂರುತ್ತಿದೆ.

'ಒಂದು ಮಳೆ ಬಿದ್ದರೆ ಮಣ್ಣು ಕೂರುತ್ತದೆ' ಅಂತ ನಮ್ಮ ಕಡೆ ಎಲ್ಲರೂ ನಂಬುತ್ತಾರೆ, ಅಲ್ವಾ? ಕೂರುತ್ತದೆ, ಆದರೆ ಮೇಲೆ ತುಂಬಿದ ಮಣ್ಣು ಮಾತ್ರ. ಅದರಡಿಯ ಕಪ್ಪು ಜೇಡಿಯ ಕಥೆಯೇ ಬೇರೆ. ಅದರಲ್ಲಿ ಅರ್ಧಕ್ಕರ್ಧ ನೀರು. ಮೇಲೆ ಭಾರ ಬಿದ್ದಾಗ ಮೊದಲು ಹೊರುವುದು ಆ ನೀರೇ. ಅದು ಜಿನುಗಿ ಹೊರಗೆ ಹೋದ ಹಾಗೆ ಜೇಡಿ ತಗ್ಗುತ್ತದೆ, ಗಟ್ಟಿಯೂ ಆಗುತ್ತದೆ. ಆದರೆ ಜೇಡಿಯೊಳಗೆ ನೀರು ನಡೆಯುವುದು ತುಂಬಾ ನಿಧಾನ. ಪದರ ದಪ್ಪ ಇದ್ದರೆ ಹತ್ತಾರು ವರ್ಷ ಬೇಕು.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಹಿನ್ನೀರಿನ ಪಕ್ಕದ ಒಂದು ರಸ್ತೆಯ ಏರಿಗೆ ಪಿವಿಡಿ, ಅಂದರೆ ಜೇಡಿಯ ನೀರು ಬೇಗ ಹೊರಬರಲು ನೆಟ್ಟಗೆ ಇಳಿಸುವ ಪಟ್ಟಿ, ಹಾಕುವುದನ್ನು ನೋಡಿದೆ. ಅಂಗೈ ಅಗಲದ ಪ್ಲಾಸ್ಟಿಕ್ ಪಟ್ಟಿ, ಒಳಗೆ ನೀರು ಹರಿಯಲು ಗೀರುಗಳು, ಸುತ್ತ ಸೋಸುವ ಬಟ್ಟೆ. ಉಕ್ಕಿನ ಕೊಳವೆಯೊಳಗೆ ಅದನ್ನಿಟ್ಟು ಜೇಡಿಗೆ ಒತ್ತುತ್ತಾರೆ, ಕೊಳವೆ ಮಾತ್ರ ಎಳೆದುಕೊಳ್ಳುತ್ತಾರೆ, ಒಂದು ಗೇಣು ತುದಿ ಬಿಟ್ಟು ಚಾಕುವಿನಲ್ಲಿ ಕತ್ತರಿಸುತ್ತಾರೆ. ಮೀಟರಿಗೊಂದರಂತೆ. ಎಂಟು ಮೀಟರ್ ಜೇಡಿಯ ನಡುವಿನ ನೀರು ಮೇಲಕ್ಕೋ ಕೆಳಕ್ಕೋ ನಾಲ್ಕು ಮೀಟರ್ ನಡೆಯಬೇಕಿತ್ತು, ಈಗ ಪಕ್ಕದ ಪಟ್ಟಿಗೆ ಅರ್ಧ ಮೀಟರ್ ಸಾಕು. ದೂರ ಅರ್ಧವಾದರೆ ಸಮಯ ಕಾಲುಭಾಗಕ್ಕೆ ಇಳಿಯುತ್ತದೆ, ಹಾಗಾಗಿ ವರ್ಷಗಳ ಕೆಲಸ ತಿಂಗಳುಗಳಲ್ಲಿ ಮುಗಿಯುತ್ತದೆ. ಮೇಲೆ ಹೊಯಿಗೆ ಹಾಸಿ ಮಣ್ಣು ಪೇರಿಸಿದ ಮೇಲೆ, ಮಳೆಯೇ ಇಲ್ಲದ ಮಾರ್ಚಿನಲ್ಲಿ ಏರಿಯ ಬುಡದಿಂದ ನೀರು ಒಸರುತ್ತಿತ್ತು. ಬಗ್ಗಿ ಮುಟ್ಟಿ ನೋಡಿದ್ದೆ.

ಜಪಾನಿನ ಕನ್ಸಾಯ್ ವಿಮಾನ ನಿಲ್ದಾಣವನ್ನೇ ನೋಡಿ. ಸಮುದ್ರದಲ್ಲಿ ದ್ವೀಪ ಕಟ್ಟುವಾಗ ಮೇಲಿನ ಜೇಡಿಗೆ ಮರಳಿನ ಕಂಬಗಳನ್ನು ಇಳಿಸಿ ಬೇಗ ಕೂರಿಸಿದರು. ಅದರ ಕೆಳಗಿನ ಆಳದ ಜೇಡಿಗೆ ಹಾಗೆ ಮಾಡಲಾಗಲಿಲ್ಲ. 1994ರಲ್ಲಿ ನಿಲ್ದಾಣ ತೆರೆಯಿತು, ದ್ವೀಪ ಇವತ್ತಿಗೂ ಕೂರುತ್ತಲೇ ಇದೆ. ಕಟ್ಟಡದ ಕಂಬಗಳನ್ನು ಜಾಕ್ ಕೊಟ್ಟು ಎತ್ತಿ ಮಟ್ಟ ಮಾಡುತ್ತಾರೆ.

ಒಂದು ಮನೆಗೆ ಇಷ್ಟೆಲ್ಲ ಬೇಡ. ನಾಲ್ಕಡಿ ಗುಂಡಿ ತೆಗೆದು ನೋಡಿ ತೃಪ್ತಿಪಡಬೇಡಿ, ಬೋರ್ ಹಾಕಿ ಮಣ್ಣು ಪರೀಕ್ಷೆ ಮಾಡಿಸಿ. ಮೆತ್ತನೆ ಪದರ ಒಂದೆರಡು ಮೀಟರ್ ಇದ್ದರೆ ತೆಗೆದುಬಿಡಿ, ಹೊಯಿಗೆ ಜಲ್ಲಿ ಪದರ ಪದರವಾಗಿ ತುಂಬಿಸಿ ದಮ್ಮಸು ಮಾಡಿಸಿ. ಜಾಸ್ತಿ ಆಳ ಇದ್ದರೆ ಜಲ್ಲಿ ಕಂಬವೋ ಪೈಲೋ (ಆಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಅಂತ ತಿಳಿದವರನ್ನು ಕೇಳಿ. ಖರ್ಚು ಜಾಸ್ತಿ, ನಿಜ.

ಹೋದ ವಾರ ಅಣ್ಣನ ಮನೆಗೆ ಹೋಗಿ ಬಿರುಕಿಗೆ ಅಡ್ಡವಾಗಿ ಒಂದು ತೆಳು ಗಾಜಿನ ಪಟ್ಟಿ ಅಂಟಿಸಿ, ಪಕ್ಕದಲ್ಲಿ ತಾರೀಕು ಬರೆದು ಬಂದೆ. ಗಾಜು ಒಡೆದರೆ ಗೋಡೆ ಇನ್ನೂ ಸರಿಯುತ್ತಿದೆ ಅಂತ. ಮುಂದಿನ ಮಳೆಗಾಲ ಮುಗಿಯುವವರೆಗೆ ಸುಮ್ನೆ ಪುಟ್ಟಿ ಮೆತ್ತಬೇಡ ಅಂತ ಹೇಳಿದ್ದೇನೆ.